ಚಿನ್ನದ್ದೋ, ಚಿನ್ನ ಹೊದಿಸಿದ್ದೋ: ಸರಿಯಾದ ಮಾತನ್ನು ಆರಿಸಿಕೊಳ್ಳುವ ಬಗೆ

ಮೈಸೂರು ದಸರಾದ ಜಂಬೂ ಸವಾರಿಯ ವರದಿಗಳಲ್ಲಿ "750 ಕಿಲೋ ಚಿನ್ನದ ಅಂಬಾರಿ" ಎಂಬ ಮಾತು ವರ್ಷ ವರ್ಷವೂ ಬರುತ್ತದೆ. ಅಂಬಾರಿಯನ್ನು ಬಲ್ಲವರು ಈ ಮಾತನ್ನು ತಡೆಯಿಲ್ಲದೆ ಓದಿಕೊಂಡು ಹೋಗುತ್ತಾರೆ. ಅದನ್ನು ಎಂದೂ ಕಾಣದ ಓದುಗರು ಮಾತ್ರ 750 ಕಿಲೋ ಎಂಬುದು ಚಿನ್ನದ ತೂಕವೆಂದೇ ತಿಳಿಯುತ್ತಾರೆ, ಮತ್ತು ವಾಕ್ಯದ ರಚನೆ ಹಾಗೆ ತಿಳಿಯಲು ಪೂರ್ಣ ಅವಕಾಶ ಕೊಡುತ್ತದೆ. ಅಂಬಾರಿಯು ಮರದ ಮಂಟಪ. ಅದರ ಮೈಗೆ ಚಿನ್ನದ ತಗಡನ್ನು ಹೊದಿಸಲಾಗಿದೆ. 750 ಕಿಲೋ ಎಂದು ಹೇಳುವುದು ಇಡೀ ಅಂಬಾರಿಯ ತೂಕವನ್ನು, ಅದರಲ್ಲಿ ಚಿನ್ನದ ಪಾಲು ಸಣ್ಣದು. "ಚಿನ್ನದ ತಗಡು ಹೊದಿಸಿದ, ಸುಮಾರು 750 ಕಿಲೋ ತೂಗುವ ಅಂಬಾರಿ" ಎಂದು ಬರೆದರೆ ವಾಕ್ಯ ಸ್ವಲ್ಪ ಉದ್ದವಾಗುತ್ತದೆ, ಆದರೆ ಮರ ಯಾವುದು, ಚಿನ್ನ ಯಾವುದು, ತೂಕ ಯಾವುದರದು ಎಂಬ ಮೂರೂ ಸಂಗತಿಗಳು ತಿಳಿಯಾಗುತ್ತವೆ. ಅಂಬಾರಿಯ ಘನತೆಯೂ ಇದರಿಂದ ಕುಗ್ಗುವುದಿಲ್ಲ.

ಚಿನ್ನವನ್ನು ಹೊದ್ದ, ಬಳಿದ ಅಥವಾ ಚಿನ್ನದಂತೆ ಮೆರೆಯುವ ವಸ್ತುವಿನ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ, ಅದರಲ್ಲಿಯೂ ವರದಿಗಾರರಿಗೆ, ಅನುವಾದಕರಿಗೆ ಮತ್ತು ವಸ್ತುಸಂಗ್ರಹಾಲಯದ ಫಲಕಗಳನ್ನು ಸಿದ್ಧಪಡಿಸುವವರಿಗೆ, ಮಾತನ್ನು ಆರಿಸಿಕೊಳ್ಳಲು ಒಂದೇ ಪ್ರಶ್ನೆ ದಾರಿ ತೋರಿಸುತ್ತದೆ. ಚಿನ್ನವು ಆ ವಸ್ತುವಿನ ಮೇಲೆ ಹೇಗೆ ಕುಳಿತಿದೆ ಎಂಬುದೇ ಆ ಪ್ರಶ್ನೆ. ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಎಲ್ಲವನ್ನೂ "ಸ್ವರ್ಣಲೇಪಿತ" ಎಂದು ಬರೆಯುವ ಅಭ್ಯಾಸ ಈಗ ಬೆಳೆದಿದೆ. ಆ ಪದದಲ್ಲಿ ದೋಷವಿಲ್ಲ. ಆದರೆ ಲೇಪವೆಂದರೆ ಬಳಿದದ್ದು, ಸವರಿದ್ದು. ತಗಡನ್ನು ಯಾರೂ ಬಳಿಯುವುದಿಲ್ಲ, ನೂಲನ್ನು ಯಾರೂ ಸವರುವುದಿಲ್ಲ. ಅಕ್ಕಸಾಲಿಗರು, ಚಿತ್ರಕಾರರು, ನೇಕಾರರು ಈ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಮಾತನ್ನು ಇಟ್ಟುಕೊಂಡಿದ್ದಾರೆ, ಮತ್ತು ಆ ಮಾತುಗಳು ಬರೆಯುವವರಿಗೆ ಸಿದ್ಧವಾಗಿಯೇ ಸಿಗುತ್ತವೆ.

"ಚಿನ್ನದ" ಎಂಬ ರೂಪ ಹೊರುವ ಭಾರ

ಮೊದಲಿಗೆ ಷಷ್ಠಿಯ ಸರಳ ರೂಪವಾದ "ಚಿನ್ನದ" ಎಂಬುದನ್ನು ನೋಡಬೇಕು, ಏಕೆಂದರೆ ಗೊಂದಲದ ಬಹುಪಾಲು ಇಲ್ಲಿಯೇ ಹುಟ್ಟುತ್ತದೆ. ಚಿನ್ನದ ಬಳೆ ಎಂದಾಗ ಅದು ವಸ್ತುವಿನ ದ್ರವ್ಯವನ್ನು ಹೇಳುತ್ತದೆ. ಚಿನ್ನದ ಬಣ್ಣ ಎಂದಾಗ ಹೋಲಿಕೆಯನ್ನು ಹೇಳುತ್ತದೆ. ಚಿನ್ನದ ಅಂಗಡಿ ಎಂದಾಗ ವ್ಯಾಪಾರವನ್ನು, ಚಿನ್ನದ ಪದಕ ಎಂದಾಗ ಸ್ಥಾನವನ್ನು, ಚಿನ್ನದಂಥ ಮಗ ಎಂದಾಗ ಪ್ರೀತಿಯನ್ನು ಹೇಳುತ್ತದೆ. ಇಷ್ಟು ಭಾರವನ್ನು ಹೊರುವ ಪದವನ್ನು ಅಳತೆ, ತೂಕ, ಬೆಲೆಗಳ ಪಕ್ಕದಲ್ಲಿ ಇಡುವಾಗ ಎಚ್ಚರಿಕೆ ಬೇಕು. ಅಂಕಿಯೊಂದು ಪಕ್ಕಕ್ಕೆ ಬಂದ ಕೂಡಲೇ ಓದುಗನ ಮನಸ್ಸು ದ್ರವ್ಯದ ಅರ್ಥದ ಕಡೆಗೇ ವಾಲುತ್ತದೆ.

ಪದಕದ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಒಲಿಂಪಿಕ್ಸ್‌ನಲ್ಲಿ ಮೊದಲ ಸ್ಥಾನ ಪಡೆದವರಿಗೆ ಕೊಡುವ ಪದಕವು ಕನಿಷ್ಠ ಶೇಕಡಾ 92.5ರಷ್ಟು ಬೆಳ್ಳಿಯದಾಗಿದ್ದು, ಅದರ ಮೇಲೆ ಕನಿಷ್ಠ 6 ಗ್ರಾಂ ಚಿನ್ನದ ಲೇಪವಿರುತ್ತದೆ. ಅಪ್ಪಟ ಚಿನ್ನದ ಪದಕಗಳನ್ನು ಕೊನೆಯ ಬಾರಿಗೆ ಕೊಟ್ಟದ್ದು 1912ರ ಸ್ಟಾಕ್‌ಹೋಮ್ ಕ್ರೀಡಾಕೂಟದಲ್ಲಿ. ಹಾಗೆಂದು "ಚಿನ್ನದ ಪದಕ" ಎಂದು ಬರೆಯುವುದು ತಪ್ಪಲ್ಲ, ಏಕೆಂದರೆ ಅಲ್ಲಿ ಚಿನ್ನವೆಂಬುದು ಲೋಹದ ಹೆಸರಾಗಿ ಉಳಿಯದೆ ಸ್ಥಾನದ ಹೆಸರಾಗಿದೆ. ಅದೇ ಪದಕದ ಬೆಲೆಯನ್ನೋ ತೂಕವನ್ನೋ ವಿವರಿಸುವ ಬರಹದಲ್ಲಿ ಮಾತ್ರ "ಚಿನ್ನದ ಲೇಪವಿರುವ ಬೆಳ್ಳಿಯ ಪದಕ" ಎಂದು ಬಿಡಿಸಿ ಹೇಳಬೇಕಾಗುತ್ತದೆ. ಒಂದೇ ವಸ್ತುವಿಗೆ ಒಂದು ಕಡೆ ಚಿಕ್ಕ ಹೆಸರು, ಇನ್ನೊಂದು ಕಡೆ ಬಿಡಿಸಿದ ಹೆಸರು ಬರುವುದು ಅಸಂಗತವಲ್ಲ. ಸಂದರ್ಭ ಬೇಡುವಷ್ಟು ನಿಖರತೆಯನ್ನು ಕೊಡುವುದೇ ಇಲ್ಲಿನ ನಿಯಮ.

ಆಭರಣದ ವಿಷಯದಲ್ಲಿ ಈ ನಿಖರತೆ ಕಾನೂನಿಗೂ ಸಂಬಂಧಿಸಿದೆ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಹಾಲ್‌ಮಾರ್ಕ್ ಇರುವ ಒಡವೆಯ ಮೇಲೆ 916 ಎಂದಿದ್ದರೆ ಅದು 22 ಕ್ಯಾರೆಟ್, 750 ಎಂದಿದ್ದರೆ 18 ಕ್ಯಾರೆಟ್. 2023ರ ಏಪ್ರಿಲ್ 1ರಿಂದ ಅದರ ಜೊತೆಗೆ ಅಕ್ಷರ ಮತ್ತು ಅಂಕಿಗಳು ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಗುರುತೂ ಇರಬೇಕು. ಈ ಗುರುತುಗಳು ಒಡವೆಯ ಲೋಹ ಎಷ್ಟು ಶುದ್ಧವೆಂಬುದನ್ನು ಹೇಳುತ್ತವೆಯೇ ಹೊರತು ಮೇಲಿನ ಹೊಳಪನ್ನಲ್ಲ. ಆದ್ದರಿಂದ ಲೇಪದ ಒಡವೆಯ ಜಾಹೀರಾತನ್ನು ಬರೆಯುವವರು "22 ಕ್ಯಾರೆಟ್ ಚಿನ್ನದ ಸರ" ಎಂದು ಬರೆಯದೆ "22 ಕ್ಯಾರೆಟ್ ಚಿನ್ನದ ನೀರು ಹಾಕಿದ ಸರ" ಎಂದೇ ಬರೆಯಬೇಕು.

ಕೆಲಸಗಾರರು ಇಟ್ಟುಕೊಂಡಿರುವ ಮಾತುಗಳು

ಈಗ ಹೇಳಿದ "ಚಿನ್ನದ ನೀರು" ಎಂಬುದು ನನಗೆ ಬಹಳ ಇಷ್ಟವಾದ ಮಾತು. ಬೆಳ್ಳಿಯ ಅಥವಾ ತಾಮ್ರದ ವಸ್ತುವನ್ನು ಚಿನ್ನದ ಲವಣವಿರುವ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಸಿ, ಮೈಕ್ರಾನ್‌ಗಳಲ್ಲಿ ಅಳೆಯುವಷ್ಟು ತೆಳುವಾದ ಚಿನ್ನದ ಪದರವನ್ನು ಕೂರಿಸುವ ಕೆಲಸವನ್ನು ಮೂರೇ ಪದಗಳಲ್ಲಿ ಹೇಳಬಹುದು: ಚಿನ್ನದ ನೀರು ಹಾಕಿಸುವುದು. ಉತ್ತರ ಕರ್ನಾಟಕದಲ್ಲಿ ಪತ್ತಾರರ ಹತ್ತಿರ ಹೋದವರು ಬಂಗಾರದ ನೀರು ಹಾಕಿಸುತ್ತಾರೆ. "ವಿದ್ಯುಲ್ಲೇಪನ" ಎಂಬ ಪಠ್ಯಪುಸ್ತಕದ ಪದ ವಿಜ್ಞಾನದ ಪಾಠದಲ್ಲಿ ಇರಲಿ. ಒಡವೆಯ ಬಗ್ಗೆ ಬರೆಯುವಾಗ ನೀರೇ ಸರಿಯಾದ ಮಾತು. ಅಂಗಡಿಗಳಲ್ಲಿ ಬಳಕೆಯಾಗುವ "ಕವರಿಂಗ್", "ರೋಲ್ಡ್ ಗೋಲ್ಡ್", "ಒನ್ ಗ್ರಾಂ ಗೋಲ್ಡ್" ಎಂಬ ಹೆಸರುಗಳೂ ಇದೇ ಗುಂಪಿಗೆ ಸೇರುತ್ತವೆ, ಮತ್ತು ಇವನ್ನು ಇದ್ದ ಹಾಗೆಯೇ ಬರೆಯುವುದು ಕ್ಷೇಮ. ವಿಶೇಷವಾಗಿ "ಒನ್ ಗ್ರಾಂ ಗೋಲ್ಡ್" ಎಂಬುದನ್ನು "ಒಂದು ಗ್ರಾಂ ಚಿನ್ನದ ಸರ" ಎಂದು ಕನ್ನಡಕ್ಕೆ ತಿರುಗಿಸಿದರೆ, ಒಂದೇ ಗ್ರಾಂ ತೂಗುವ ಅಪ್ಪಟ ಚಿನ್ನದ ಸರವೆಂಬ ಬೇರೆಯದೇ ಅರ್ಥ ಬಂದುಬಿಡುತ್ತದೆ.

ತಗಡು ಎಂಬುದು ನೀರಿಗಿಂತ ದಪ್ಪ. ಬಡಿದು ಹಾಳೆಯಂತೆ ಮಾಡಿದ ಲೋಹವನ್ನು ಇನ್ನೊಂದು ವಸ್ತುವಿನ ಮೇಲೆ ಹೊದಿಸುವುದು, ಮೊಳೆಯಿಂದಲೋ ಮಡಿಕೆಯಿಂದಲೋ ಕೂರಿಸುವುದು ಇಲ್ಲಿನ ಕ್ರಮ. ದೇವಸ್ಥಾನಗಳ ಬಗ್ಗೆ ಬರೆಯುವಾಗ ಹೆಚ್ಚು ಬಾರಿ ಬೇಕಾಗುವ ಮಾತು ಇದು. ಉಡುಪಿಯ ಶ್ರೀಕೃಷ್ಣ ಮಠದ ಗರ್ಭಗುಡಿಯ ಮಾಡಿಗೆ, ಅಂದರೆ ಛಾವಣಿಗೆ, 2019ರಲ್ಲಿ ಚಿನ್ನ ಹೊದಿಸಿ ಸಮರ್ಪಿಸಿದಾಗ ಅದಕ್ಕೆ "ಸುವರ್ಣ ಗೋಪುರ" ಎಂಬ ಹೆಸರು ಬಂದಿತು. ಹೆಸರು ಹಾಗೆಯೇ ಇರಬೇಕು, ವಿವರಣೆಯಲ್ಲಿ ಮಾತ್ರ "ಮಾಡಿಗೆ ಚಿನ್ನ ಹೊದಿಸಲಾಗಿದೆ" ಎಂದು ಬರೆಯಬೇಕು. ಅಮೃತಸರದ ಹರ್‌ಮಂದಿರ್ ಸಾಹಿಬ್ ವಿಷಯದಲ್ಲಿಯೂ ಹೀಗೆಯೇ. ಮಹಾರಾಜ ರಣಜಿತ್ ಸಿಂಗ್ 19ನೇ ಶತಮಾನದ ಮೊದಲ ಭಾಗದಲ್ಲಿ ಚಿನ್ನ ಹೊದಿಸಿದ ತಾಮ್ರದ ತಗಡುಗಳಿಂದ ಅದನ್ನು ಅಲಂಕರಿಸಿದ ಮೇಲೆ ಅದು ಲೋಕದ ಬಾಯಲ್ಲಿ ಸ್ವರ್ಣಮಂದಿರವಾಯಿತು. ದೇವರ ಮೂರ್ತಿಗೆ ತೊಡಿಸಿ ತೆಗೆಯಬಹುದಾದ ಹೊದಿಕೆಗೆ ಮಾತ್ರ ತಗಡು ಎನ್ನುವಂತಿಲ್ಲ, ಅದು ಕವಚ. ಕವಚವನ್ನು ತೊಡಿಸುತ್ತಾರೆ, ತಗಡನ್ನು ಹೊದಿಸುತ್ತಾರೆ, ರೇಕನ್ನು ಅಂಟಿಸುತ್ತಾರೆ, ನೀರನ್ನು ಹಾಕುತ್ತಾರೆ. ಕ್ರಿಯಾಪದವನ್ನು ಸರಿಯಾಗಿ ಆರಿಸಿದರೆ ಅರ್ಧ ವಿವರಣೆ ಅದರಲ್ಲಿಯೇ ಮುಗಿಯುತ್ತದೆ.

ಈ ವ್ಯತ್ಯಾಸ ಬರಿಯ ಶೈಲಿಯ ಪ್ರಶ್ನೆ ಎಂದು ಯಾರಿಗಾದರೂ ಅನ್ನಿಸಿದರೆ ಶಬರಿಮಲೆಯ ಪ್ರಕರಣವನ್ನು ನೆನೆಯಬೇಕು. ಅಲ್ಲಿನ ದ್ವಾರಪಾಲಕ ವಿಗ್ರಹಗಳ ಚಿನ್ನ ಹೊದಿಸಿದ ತಗಡುಗಳನ್ನು 2019ರಲ್ಲಿ ಹೊರಗೆ ಕಳಿಸಿದಾಗ ದಾಖಲೆಗಳಲ್ಲಿ ಅವುಗಳನ್ನು ತಾಮ್ರದ ತಗಡುಗಳೆಂದು ನಮೂದಿಸಿದ್ದು 2025ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಬಂದು, ವಿಶೇಷ ತನಿಖಾ ತಂಡದ ರಚನೆಗೆ ಕಾರಣವಾದ ಸಂಗತಿಗಳಲ್ಲಿ ಒಂದಾಯಿತು. ಒಳಗಿನ ಲೋಹವನ್ನು ಮಾತ್ರ ಹೇಳಿ ಮೇಲಿನದನ್ನು ಬಿಟ್ಟರೂ ತಪ್ಪು, ಮೇಲಿನದನ್ನು ಮಾತ್ರ ಹೇಳಿ ಒಳಗಿನದನ್ನು ಬಿಟ್ಟರೂ ತಪ್ಪು. ದೇವಸ್ಥಾನದ ಆಸ್ತಿಪಟ್ಟಿ, ಪಂಚನಾಮೆ, ವಿಮೆಯ ಅರ್ಜಿ ಮೊದಲಾದ ಬರಹಗಳಲ್ಲಿ "ಚಿನ್ನ ಹೊದಿಸಿದ ತಾಮ್ರದ ತಗಡು" ಎಂದು ಎರಡು ಲೋಹಗಳನ್ನೂ ಹೆಸರಿಸಿ, ಸಾಧ್ಯವಿದ್ದಲ್ಲಿ ಎರಡರ ತೂಕವನ್ನೂ ಬೇರೆ ಬೇರೆಯಾಗಿ ಕೊಡುವುದೇ ಸರಿಯಾದ ಕ್ರಮ.

ರೇಕು ತಗಡಿಗಿಂತ ಬಹಳ ತೆಳು. ಉಸಿರು ತಾಗಿದರೂ ಹಾರಿಹೋಗುವಷ್ಟು ತೆಳುವಾದ ಚಿನ್ನದ ಹಾಳೆ ಅದು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಆಭರಣ, ಕಿರೀಟ, ಪ್ರಭಾವಳಿಗಳ ಭಾಗವನ್ನು ಮೊದಲು ಗೆಸ್ಸೋ ಕೆಲಸದಿಂದ, ಅಂದರೆ ಬಿಳಿಯ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪದಿಂದ, ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪವಾಗಿರುತ್ತದೆ, ಕಲ್ಲುಗಳನ್ನೂ ಕೂರಿಸಿರುತ್ತಾರೆ. ಮೈಸೂರಿನ ಕೆಲಸ ನವಿರು. ಇಂತಹ ಚಿತ್ರವನ್ನು "ಚಿನ್ನದ ಚಿತ್ರ" ಎಂದಾಗಲಿ "ಸ್ವರ್ಣಲೇಪಿತ ಚಿತ್ರ" ಎಂದಾಗಲಿ ಬರೆಯುವುದರಿಂದ ಆ ಕೆಲಸದ ಸೂಕ್ಷ್ಮ ಕಾಣದೆ ಹೋಗುತ್ತದೆ. "ಚಿನ್ನದ ರೇಕು ಅಂಟಿಸಿದ ಚಿತ್ರ" ಎಂದರೆ ಚಿತ್ರಕಾರನ ಬೆರಳು ಮಾಡಿದ ಕೆಲಸಕ್ಕೆ ನ್ಯಾಯ ಸಿಗುತ್ತದೆ.

ಬಟ್ಟೆಯಲ್ಲಿ ಚಿನ್ನ ಎಳೆಯಾಗಿ ಬರುತ್ತದೆ. ಅದಕ್ಕೆ ಜರಿ, ಸರಿಗೆ ಎಂಬ ಹೆಸರುಗಳಿವೆ. "ಜರತಾರಿ" ಎಂಬ ಪದದಲ್ಲಿ ಪಾರಸಿಯ ಚಿನ್ನ ಮತ್ತು ತಂತಿ ಎರಡೂ ಸೇರಿವೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾಗಿ ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿರುವ ಕಾರ್ಖಾನೆಯಲ್ಲಿ ನೇಯುವ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಹೆಚ್ಚಿನ ಪಾಲು ಬೆಳ್ಳಿ. ಚಿನ್ನ ಶೇಕಡಾ ಒಂದಕ್ಕಿಂತ ಕಡಿಮೆ. ಆದರೂ ಅದು ಅಪ್ಪಟ ಚಿನ್ನದ ಜರಿ ಎನಿಸಿಕೊಳ್ಳುವುದು ಆ ಹೊರಪದರ ನಿಜವಾದ ಚಿನ್ನದ್ದಾಗಿರುವುದರಿಂದ. ಇಲ್ಲಿ "ಚಿನ್ನದ ಸೀರೆ" ಎಂದು ಬರೆಯುವುದು ಅತಿಶಯೋಕ್ತಿಯಾಗುತ್ತದೆ. "ಚಿನ್ನದ ಜರಿಯ ಸೀರೆ" ಸರಿ, "ಜರತಾರಿ ಸೀರೆ" ಇನ್ನೂ ಸೊಗಸು. ಹೊಂಬಣ್ಣದ ಸೀರೆ ಎಂದರೆ ಬಣ್ಣ ಮಾತ್ರ. ಅದರಲ್ಲಿ ಚಿನ್ನದ ಎಳೆ ಒಂದೂ ಇಲ್ಲದಿರಬಹುದು. ಹೊಂಗಿರಣ, ಹೊಂಬೆಳಕು, ಹೊಂಬಣ್ಣ ಮೊದಲಾದ "ಹೊಂ" ಪದಗಳು ಹೊನ್ನಿನ ಕಾಂತಿಯನ್ನು ಹೇಳುತ್ತವೆ, ದ್ರವ್ಯವನ್ನಲ್ಲ, ಆದ್ದರಿಂದ ಅವುಗಳನ್ನು ವ್ಯಾಪಾರದ ವಿವರಣೆಯಲ್ಲಿ ಬಳಸುವವರು ಈ ಗೆರೆಯನ್ನು ಮರೆಯಬಾರದು.

ಕಟ್ಟಿಸುವುದು ಎಂಬ ಮಾತೂ ಇದೆ: ರುದ್ರಾಕ್ಷಿಗೆ ಚಿನ್ನ ಕಟ್ಟಿಸುತ್ತಾರೆ, ಹಲ್ಲಿಗೆ ಚಿನ್ನ ಕಟ್ಟಿಸುತ್ತಾರೆ. ಇನ್ನು "ಖಚಿತ" ಎಂದರೆ ಕೂರಿಸಿದ್ದು, ನಾಟಿಸಿದ್ದು. ರತ್ನಖಚಿತ ಸಿಂಹಾಸನ ಎಂಬುದು ಸರಿಯಾದ ಬಳಕೆ. ಪೂರ್ತಿಯಾಗಿ ಚಿನ್ನ ಹೊದಿಸಿದ ವಸ್ತುವನ್ನು "ಸ್ವರ್ಣಖಚಿತ" ಎಂದು ಕರೆಯುವುದು ಪದದ ಅರ್ಥಕ್ಕೆ ಹೊಂದುವುದಿಲ್ಲ. ಮರದಲ್ಲಿಯೋ ದಂತದಲ್ಲಿಯೋ ಅಲ್ಲಲ್ಲಿ ಚಿನ್ನವನ್ನು ಕೂರಿಸಿದ್ದರೆ ಆ ಪದ ತಾನಾಗಿಯೇ ಒದಗುತ್ತದೆ.

ಗಿಲೀಟು ಎಂಬ ಪದಕ್ಕೆ ಪ್ರತ್ಯೇಕ ಎಚ್ಚರಿಕೆ ಬೇಕು. ಇದರ ಮೂಲಾರ್ಥವೂ ಚಿನ್ನದ ಲೇಪವೇ, ಆದರೆ ಕನ್ನಡದಲ್ಲಿ ಈ ಪದ ಬಹಳ ಕಾಲದಿಂದ ಮೋಸದ ನೆರಳನ್ನು ಹೊತ್ತುಕೊಂಡಿದೆ. ಗಿಲೀಟು ಒಡವೆ ಎಂದರೆ ಚಿನ್ನವೆಂದು ತೋರಿಸಿಕೊಳ್ಳುವ ಒಡವೆ. ಗಿಲೀಟಿನ ಮಾತು ಎಂದರೆ ಮೇಲೆ ಹೊಳೆದು ಒಳಗೆ ಹುರುಳಿಲ್ಲದ ಮಾತು. ದೇವಾಲಯದ ಕಳಸಕ್ಕೋ ಕುಶಲಕರ್ಮಿಯ ಕೆಲಸಕ್ಕೋ ಈ ಪದವನ್ನು ಹಚ್ಚಿದರೆ ಅವಮಾನವಾಗುತ್ತದೆ. ಆದರೆ ಈ ನೆರಳೇ ಬೇಕಾದ ಕಡೆಗಳೂ ಇವೆ. ಅಮೆರಿಕದ ಇತಿಹಾಸದಲ್ಲಿ 19ನೇ ಶತಮಾನದ ಕೊನೆಯ ದಶಕಗಳನ್ನು "ಗಿಲ್ಡೆಡ್ ಏಜ್" ಎಂದು ಕರೆಯುತ್ತಾರೆ: ರೈಲುಮಾರ್ಗ, ಉಕ್ಕು, ಎಣ್ಣೆಯ ಉದ್ಯಮಗಳಿಂದ ಕೆಲವರಿಗೆ ಅಪಾರ ಸಂಪತ್ತು ಬಂದ, ಅದರ ಕೆಳಗೆ ಬಡತನವೂ ಭ್ರಷ್ಟಾಚಾರವೂ ತುಂಬಿದ್ದ ಕಾಲ ಅದು. ಇದನ್ನು ಯಾರಾದರೂ "ಸುವರ್ಣ ಯುಗ" ಎಂದು ಅನುವಾದಿಸಿದರೆ ಟೀಕೆಯಾಗಿದ್ದ ಹೆಸರು ಹೊಗಳಿಕೆಯಾಗಿ ತಲೆಕೆಳಗಾಗುತ್ತದೆ. "ಗಿಲೀಟಿನ ಯುಗ" ಎಂದರೆ ಮೂಲದ ಕಹಿ ಪೂರ್ತಿಯಾಗಿ ಬರುತ್ತದೆ. ಹಿಂದಿಯಿಂದ ಅನುವಾದಿಸುವವರು ಇನ್ನೊಂದನ್ನು ಗಮನಿಸಬೇಕು: ಅಲ್ಲಿನ "ಮುಲಮ್ಮಾ" ಎಂದರೆ ಲೋಹದ ಲೇಪ, ಆದರೆ ಅದನ್ನು "ಮುಲಾಮು" ಎಂದು ಇಳಿಸಿಬಿಟ್ಟರೆ ಇಂದಿನ ಕನ್ನಡ ಓದುಗನು ಗಾಯಕ್ಕೆ ಹಚ್ಚುವ ಔಷಧವೆಂದೇ ತಿಳಿಯುತ್ತಾನೆ.

ಚಿನ್ನವಿಲ್ಲದ ಸುವರ್ಣ, ಚಿನ್ನ ಬೇಡದ ವೈಭವ

ಸಂಸ್ಕೃತದಿಂದ ಬಂದ ಸ್ವರ್ಣ, ಸುವರ್ಣ, ಕನಕ, ಹೇಮ, ಕಾಂಚನ, ಹಿರಣ್ಯ ಎಂಬ ಪದಗಳು ಒಂದೇ ಲೋಹವನ್ನು ಹೇಳಿದರೂ ಬಳಕೆಯಲ್ಲಿ ಬೇರೆ ಬೇರೆ ಜಾಗಗಳನ್ನು ಹಿಡಿದಿವೆ. ಐವತ್ತು ವರ್ಷ ತುಂಬಿದ ಸಂಭ್ರಮಕ್ಕೆ ಸುವರ್ಣವೇ ಬೇಕು. ಸುವರ್ಣ ಮಹೋತ್ಸವವನ್ನು ಕನಕ ಮಹೋತ್ಸವವೆಂದು ಯಾರೂ ಕರೆಯುವುದಿಲ್ಲ. 1956ರಲ್ಲಿ ರಾಜ್ಯ ಏಕೀಕರಣಗೊಂಡು ಐವತ್ತು ವರ್ಷವಾದಾಗ "ಸುವರ್ಣ ಕರ್ನಾಟಕ" ಎಂಬ ಮಾತು ಎಲ್ಲೆಡೆ ಕೇಳಿಬಂದಿತು. 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧದ ಹೆಸರಿನಲ್ಲಿಯೂ ಲೋಹದ ಮಾತಿಲ್ಲ. ಅಡುಗೆಮನೆಯ ಸುವರ್ಣಗಡ್ಡೆಯೂ ಇದೇ ಸಾಲಿನದು, ಮತ್ತು ಆ ಹೆಸರನ್ನು ಕೇಳಿ ಯಾರೂ ಚಿನ್ನವನ್ನು ಹುಡುಕುವುದಿಲ್ಲ. "ಮಯ" ಪ್ರತ್ಯಯ ಸೇರಿದ "ಸ್ವರ್ಣಮಯ" ಎಂಬ ಪದ ಮಾತ್ರ ಎರಡು ಕಡೆಗೆ ಎಳೆಯುತ್ತದೆ: ಮೃಣ್ಮಯ ಎಂದರೆ ಮಣ್ಣಿನಿಂದ ಆದದ್ದು, ಆನಂದಮಯ ಎಂದರೆ ಆನಂದದಿಂದ ತುಂಬಿದ್ದು. ಆದ್ದರಿಂದ ನಿಖರತೆ ಬೇಕಾದ ವಿವರಣೆಯಲ್ಲಿ ಸ್ವರ್ಣಮಯವನ್ನು ಬಳಸಬಾರದು. ವರ್ಣನೆಯಲ್ಲಿ, ಸಂಜೆಯ ಆಕಾಶಕ್ಕೋ ಭತ್ತದ ಗದ್ದೆಗೋ ಅದು ಚೆನ್ನಾಗಿ ಒಪ್ಪುತ್ತದೆ.

ಐಷಾರಾಮದ ಅರ್ಥಕ್ಕೆ ಕನ್ನಡ ಸಾಮಾನ್ಯವಾಗಿ ಚಿನ್ನದ ಮೊರೆ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಚಿನ್ನ ಬಳಿದದ್ದನ್ನು ಹೇಳುವ ಪದವೇ ಸಿರಿತನವನ್ನೂ ಹೇಳುವುದರಿಂದ ಅನುವಾದಕರು "ಚಿನ್ನದ ಲೇಪದ ಬದುಕು" ಎಂಬಂತಹ ಮಾತುಗಳನ್ನು ಕಟ್ಟುತ್ತಾರೆ, ಮತ್ತು ಅವು ಕನ್ನಡದ ಕಿವಿಗೆ ಒಗ್ಗುವುದಿಲ್ಲ. ಇಲ್ಲಿ ಆರಿಸಿಕೊಳ್ಳಬೇಕಾದ ಪದಗಳು ಬೇರೆ. ಐಷಾರಾಮ ಎಂಬುದು ಸುಖ ಮತ್ತು ವಿಶ್ರಾಂತಿಯನ್ನು ಹೇಳುವ ಎರಡು ಪದಗಳು ಪಾರಸಿಯಲ್ಲಿ ಜೋಡಿಯಾಗಿ ಬಂದದ್ದು. ಐಷಾರಾಮಿ ಬಸ್ಸು, ಐಷಾರಾಮಿ ಹೋಟೆಲು ಎಂದಾಗ ಅದು ಸೌಕರ್ಯವನ್ನು ಹೇಳುತ್ತದೆ, ಐಷಾರಾಮಿ ಜೀವನ ಎಂದಾಗ ತುಸು ಆಕ್ಷೇಪವೂ ಸೇರಿಕೊಳ್ಳುತ್ತದೆ. ವೈಭವದಲ್ಲಿ ಆಕ್ಷೇಪವಿಲ್ಲ, ಗೌರವವಿದೆ. ವೈಭವಕ್ಕೆ ನೋಡುವವರು ಬೇಕು, ಆದ್ದರಿಂದ ಅದು ಉತ್ಸವಕ್ಕೆ, ಅರಮನೆಗೆ, ಗತಕಾಲಕ್ಕೆ ಹೊಂದುತ್ತದೆ. ಅದ್ದೂರಿ ಎಂಬುದು ಮದುವೆ, ಸ್ವಾಗತ, ಮೆರವಣಿಗೆಗಳ ಖರ್ಚು ಮತ್ತು ಗಾತ್ರವನ್ನು ಹೇಳುತ್ತದೆ. ಅದ್ದೂರಿ ಮನೆ ಎಂಬುದಕ್ಕಿಂತ ಅದ್ದೂರಿ ಗೃಹಪ್ರವೇಶ ಎಂಬುದು ಹೆಚ್ಚು ಸಹಜ. ಸಿರಿಯಲ್ಲಿ ಸಂಪತ್ತಿನ ಜೊತೆಗೆ ಮಂಗಳವೂ ಇದೆ. ಭೋಗ, ವಿಲಾಸಗಳು ಅನುಭವಿಸುವವನ ಮನಸ್ಸಿನ ಕಡೆಗೆ ಬೊಟ್ಟು ಮಾಡುತ್ತವೆ. ನಮ್ಮ ಸಾರಿಗೆ ಸಂಸ್ಥೆಯು ತನ್ನ ಐಷಾರಾಮಿ ಬಸ್ಸುಗಳಿಗೆ ರಾಜಹಂಸ, ಐರಾವತ, ಅಂಬಾರಿ ಎಂಬ ಹೆಸರುಗಳನ್ನು ಇಟ್ಟದ್ದು ಈ ಭಾಷೆಯ ಸ್ವಭಾವವನ್ನು ಅರಿತ ಆಯ್ಕೆ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಕನ್ನಡದ ಕಲ್ಪನೆಯಲ್ಲಿ ಸುಖಪ್ರಯಾಣದ ಚಿತ್ರ ಆನೆಯ ಮೇಲೆಯೋ ಹಂಸದ ಮೇಲೆಯೋ ಬರುತ್ತದೆ. 2008ರಲ್ಲಿ ಆರಂಭವಾದ "ಗೋಲ್ಡನ್ ಚಾರಿಯಟ್" ರೈಲಿನ ಹೆಸರು ಹಂಪಿಯ ಕಲ್ಲಿನ ರಥವನ್ನು ನೆನಪಿಸುವಂಥದ್ದು. ಅದನ್ನು ಸುವರ್ಣ ರಥ ಎಂದು ಕನ್ನಡಿಸಬಹುದು, ಚಿನ್ನದ ತೇರು ಎಂದರೆ ಮಾತ್ರ ಓದುಗನ ಮನಸ್ಸು ಮಲೆ ಮಹದೇಶ್ವರ ಬೆಟ್ಟದ ದೇವರ ತೇರಿನ ಕಡೆಗೆ ಹೋಗುತ್ತದೆ.

ಚಿನ್ನ, ಬಂಗಾರಗಳು ಸಿರಿತನಕ್ಕಿಂತ ಹೆಚ್ಚಾಗಿ ಗುಣವನ್ನು, ಅಕ್ಕರೆಯನ್ನು ಹೇಳುವ ಪದಗಳಾಗಿ ನಮ್ಮಲ್ಲಿ ಬೆಳೆದಿವೆ. ಪುಟಕ್ಕಿಟ್ಟ ಚಿನ್ನ, ಅಪರಂಜಿ, ಒರೆಗೆ ಹಚ್ಚಿದ ಮಾತು ಇವೆಲ್ಲ ಶುದ್ಧಿಯನ್ನು ಹೇಳುತ್ತವೆ. ಉತ್ತರ ಕರ್ನಾಟಕದಲ್ಲಿ ದಸರೆಯ ದಿನ ಬನ್ನಿಯ ಎಲೆಗಳನ್ನು ಕೈಗಿತ್ತು "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ" ಎಂದು ಹಿರಿಯರ ಕಾಲಿಗೆ ನಮಸ್ಕರಿಸುವಾಗ ಆ ಎಲೆಯೇ ಬಂಗಾರ. ಹಳೆಯ ಮೈಸೂರಿನ ಕಡೆ ಯುಗಾದಿಯ ಹೊತ್ತಿನಲ್ಲಿ ಹೂಡುವ ವರ್ಷದ ಮೊದಲ ನೇಗಿಲು, ಅಂದರೆ ಆರು, ಹೊನ್ನಾರು ಎನಿಸಿಕೊಳ್ಳುತ್ತದೆ. ಇಂತಹ ಬಳಕೆಗಳನ್ನು ಬೇರೆ ಭಾಷೆಯವರಿಗೆ ವಿವರಿಸುವಾಗ ಲೇಪದ ಅಥವಾ ಬೆಲೆಯ ಅರ್ಥವನ್ನು ಎಳೆದು ತರಬಾರದು.

ಕೊನೆಯದಾಗಿ ಪದಗಳನ್ನು ಜೋಡಿಸುವ ಕ್ರಮ. "ಚಿನ್ನಲೇಪಿತ", "ಬಂಗಾರಖಚಿತ" ಎಂಬ ರೂಪಗಳಲ್ಲಿ ಕನ್ನಡದಲ್ಲಿ ನೆಲೆನಿಂತ ಪದಕ್ಕೆ ಸಂಸ್ಕೃತದ ಪದವನ್ನು ನೇರವಾಗಿ ಅಂಟಿಸಲಾಗಿದೆ. ಹಳೆಯ ವ್ಯಾಕರಣ ಇದನ್ನು ಅರಿಸಮಾಸವೆಂದು ದೂರವಿಟ್ಟಿತ್ತು. ಪತ್ರಿಕೆಗಳಲ್ಲಿ ಚಿನ್ನಲೇಪಿತ ಈಗಾಗಲೇ ನೆಲೆಯೂರುತ್ತಿರುವುದರಿಂದ ಅದನ್ನು ತಪ್ಪೆಂದು ಹೊಡೆದುಹಾಕುವ ಹಟ ನನಗಿಲ್ಲ. ಆದರೆ ಸಮಾಸವನ್ನು ಬಿಡಿಸಿದರೆ ವಾಕ್ಯಕ್ಕೆ ಉಸಿರು ಬರುತ್ತದೆ. "ಚಿನ್ನಲೇಪಿತ ಬೆಳ್ಳಿ ದೀಪ" ಎಂಬುದನ್ನು "ಚಿನ್ನದ ನೀರು ಹಾಕಿದ ಬೆಳ್ಳಿಯ ದೀಪ" ಎಂದೂ, "ಸ್ವರ್ಣಲೇಪಿತ ಮರದ ಬಾಗಿಲು" ಎಂಬುದನ್ನು "ಚಿನ್ನದ ತಗಡು ಹೊದಿಸಿದ ಮರದ ಬಾಗಿಲು" ಎಂದೂ ಬರೆದು ನೋಡಬಹುದು. ಶೀರ್ಷಿಕೆಯ ಇಕ್ಕಟ್ಟಿನಲ್ಲಿ ಸಮಾಸವೇ ಬೇಕಾದರೆ ಎರಡೂ ಪದ ಒಂದೇ ಮೂಲದವಾಗಿರಲಿ: ಸ್ವರ್ಣಲೇಪಿತ, ಸ್ವರ್ಣಕವಚ, ಹೊನ್ನಹೊದಿಕೆ. ಚಿನ್ನ ಹೇಗೆ ಕುಳಿತಿದೆ ಎಂಬುದು ಬರೆಯುವವರಿಗೆ ಗೊತ್ತಿಲ್ಲದೆ ಹೋದಾಗ, ದೇವಸ್ಥಾನದ ಅರ್ಚಕರನ್ನೋ ಕೆಲಸ ಮಾಡಿದ ಅಕ್ಕಸಾಲಿಗರನ್ನೋ ಕೇಳಿ ತಿಳಿಯುವುದು ಮೊದಲ ದಾರಿ. ಅದು ಸಾಧ್ಯವಾಗದಿದ್ದರೆ "ಚಿನ್ನದ ಹೊದಿಕೆಯಿರುವ" ಎಂಬ ಸಾಮಾನ್ಯ ಮಾತು ತಗಡು, ರೇಕು, ನೀರು ಮೂರಕ್ಕೂ ಸುಳ್ಳಾಗದೆ ನಿಲ್ಲುತ್ತದೆ.